ತಜ್ಞರ ಉತ್ತರ: ಮ್ಯಾಕ್ಸಿಮಮ್ ಎಂಟ್ರೊಪಿ ಲೆಕ್ಕ ಏಕೆ ಹಳಿ ತಪ್ಪುತ್ತದೆ?

ಪ್ರಶ್ನೆ: ದೂರದರ್ಶಕದ ಮಸುಕು ಚಿತ್ರವನ್ನು ಮ್ಯಾಕ್ಸಿಮಮ್ ಎಂಟ್ರೊಪಿ ವಿಧಾನದಿಂದ (ದತ್ತಾಂಶಕ್ಕೆ ಹೊಂದುವ ಚಿತ್ರಗಳಲ್ಲಿ ಎಂಟ್ರೊಪಿ ಅತಿ ಹೆಚ್ಚಿರುವುದನ್ನು ಆರಿಸುವ ಬಗೆ) ತಿಳಿಗೊಳಿಸಲು ಪ್ರೋಗ್ರಾಮ್ ಬರೆದಿದ್ದೇನೆ. ಪ್ರತಿ ಸುತ್ತಿನಲ್ಲೂ ಲ್ಯಾಂಬ್ಡಾವನ್ನು (ದತ್ತಾಂಶಕ್ಕೆ ಕೊಡುವ ತೂಕ) ಕೈ-ಸ್ಕ್ವೇರ್‌ನ (ಚಿತ್ರ ದತ್ತಾಂಶದಿಂದ ಎಷ್ಟು ದೂರ ಎಂಬ ಅಳತೆ) ಗ್ರೇಡಿಯೆಂಟಿಗೆ, ಅಂದರೆ ಪಿಕ್ಸೆಲ್ ಬದಲಾದಂತೆ ಅದು ಬದಲಾಗುವ ದರಕ್ಕೆ, ಗುಣಿಸಿ, ಅದರ ಋಣದ ಎಕ್ಸ್‌ಪೊನೆನ್ಶಿಯಲ್ ತೆಗೆದು, ಹಿನ್ನೆಲೆ ಮಾದರಿಗೆ ಗುಣಿಸುತ್ತೇನೆ. ಲ್ಯಾಂಬ್ಡಾ ಏರಿಸಿದೊಡನೆ ಚಿತ್ರ ಒಮ್ಮೆ ಬೆಳಗಿ ಮರುಸುತ್ತಿಗೆ ಕಪ್ಪಾಗುತ್ತದೆ, ಕೊನೆಗೆ ಸಂಖ್ಯೆ ಕಂಪ್ಯೂಟರಿನ ಮಿತಿ ಮೀರಿ ಓವರ್‌ಫ್ಲೋ. ಏಕೆ?

ಉತ್ತರ: ಆ ಸಮೀಕರಣ ಸರಿಯಾದದ್ದೇ, ಆದರೆ ಅದು ಉತ್ತರದ ಬಿಂದುವಿನಲ್ಲಿ ಮಾತ್ರ ನಿಜ. ದಾರಿಯಲ್ಲಿರುವಾಗ ಗ್ರೇಡಿಯೆಂಟಿನ ಸಣ್ಣ ವ್ಯತ್ಯಾಸವನ್ನೂ ಎಕ್ಸ್‌ಪೊನೆನ್ಶಿಯಲ್ ಹಿಗ್ಗಿಸಿಬಿಡುತ್ತದೆ. 1978ರಲ್ಲಿ ಸಂಶೋಧಕರಾದ ಗಲ್ ಮತ್ತು ಡೇನಿಯಲ್ ಬಳಸಿದ್ದು ಇದೇ ಬಗೆ. ಹಳೆಯ ಚಿತ್ರಕ್ಕೆ ಹೊಸದನ್ನು ಸ್ವಲ್ಪವೇ ಬೆರೆಸಿದರೆ ಲೆಕ್ಕ ಸ್ಥಿರವಾಗುತ್ತದೆ. ಪ್ರಖರ ನಕ್ಷತ್ರಗಳಿದ್ದರೆ ಆ ಉಪಾಯ ಸಾಲದು.

1984ರ ಸ್ಕಿಲ್ಲಿಂಗ್–ಬ್ರಯಾನ್ ಕ್ರಮಕ್ಕೆ ಬದಲಾಯಿಸಿ. ಎಂಟ್ರೊಪಿಯ ಗ್ರೇಡಿಯೆಂಟ್, ಕೈ-ಸ್ಕ್ವೇರ್‌ನ ಗ್ರೇಡಿಯೆಂಟ್ ಎರಡನ್ನೂ ಪಿಕ್ಸೆಲ್‌ವಾರು ಚಿತ್ರದ ಬೆಲೆಯಿಂದ ಗುಣಿಸಿ; ಚಿತ್ರವನ್ನು ಸರಿಸುವ ಮೊದಲ ಎರಡು ದಿಕ್ಕುಗಳು ಇವು. ಮೂರನೆಯ ದಿಕ್ಕನ್ನು ಕೈ-ಸ್ಕ್ವೇರ್‌ನ ವಕ್ರತೆಯಿಂದ ಪಡೆಯಿರಿ. ಈ ಗುಣಾಕಾರದಿಂದಲೇ ಬೆಳಕಿನ ಪಿಕ್ಸೆಲ್ ಹೆಚ್ಚು ಸರಿಯುತ್ತದೆ, ಕತ್ತಲಿನದು ಸೊನ್ನೆಗಿಂತ ಕೆಳಗೆ ಇಳಿಯುವುದು ಅಪರೂಪವಾಗುತ್ತದೆ. ಪ್ರತಿ ಪಿಕ್ಸೆಲ್‌ನ ಬದಲಾವಣೆಯ ವರ್ಗವನ್ನು ಅದರ ಬೆಲೆಯಿಂದ ಭಾಗಿಸಿ ಕೂಡಿಸಿ. ಆ ಮೊತ್ತ ಒಟ್ಟು ಬೆಳಕಿನ 0.1ರಿಂದ 0.5 ಪಾಲನ್ನು ಮೀರಬಾರದು. ನಿಮ್ಮ ಪ್ರೋಗ್ರಾಮಿನಲ್ಲಿ ಇಲ್ಲದ ಲಗಾಮು ಇದೇ.

ಅದಕ್ಕೂ ಮೊದಲು ಟ್ರಾನ್ಸ್‌ಪೋಸ್ (ಗ್ರೇಡಿಯೆಂಟ್ ಲೆಕ್ಕಕ್ಕೆ ಬೇಕಾದ, ಮಸುಕುಗೊಳಿಸುವಿಕೆಯ ತಿರುಗು ರೂಪ) ಪರೀಕ್ಷಿಸಿ. ಎರಡು ಯಾದೃಚ್ಛಿಕ ಚಿತ್ರ ತೆಗೆದುಕೊಳ್ಳಿ. ಮೊದಲನೆಯದನ್ನು ಮಸುಕುಗೊಳಿಸಿ ಎರಡನೆಯದರೊಡನೆ ಒಳಗುಣಲಬ್ಧ (ಪಿಕ್ಸೆಲ್‌ವಾರು ಗುಣಿಸಿ ಕೂಡಿಸಿದ ಮೊತ್ತ) ತೆಗೆಯಿರಿ. ಬಳಿಕ ಎರಡನೆಯದಕ್ಕೆ ಟ್ರಾನ್ಸ್‌ಪೋಸ್ ಹಾಕಿ ಮೊದಲನೆಯದರೊಡನೆ. ಡಬಲ್ ಪ್ರಿಸಿಷನ್‌ನಲ್ಲಿ ಎರಡೂ ಉತ್ತರಗಳ ಕನಿಷ್ಠ ಹತ್ತು ಅಂಕಿ ಹೊಂದಲೇಬೇಕು. ಮಸುಕಿನ ಮಾದರಿಯನ್ನು (ಒಂದು ಬಿಂದು ಹೇಗೆ ಹರಡುತ್ತದೆಂಬ ಚಿತ್ರ) ತಿರುಗಿಸಲು ಮರೆತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಕೈ-ಸ್ಕ್ವೇರ್ ದತ್ತಾಂಶಗಳ ಸಂಖ್ಯೆಗೆ ಇಳಿಯಿತೆಂದು ನಿಲ್ಲಿಸಬೇಡಿ. ಅಷ್ಟೇ ಕೈ-ಸ್ಕ್ವೇರ್ ಕೊಡುವ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಎರಡೂ ಗ್ರೇಡಿಯೆಂಟ್ ಸಮಾಂತರವಾದಾಗ ಮಾತ್ರ ಎಂಟ್ರೊಪಿ ಗರಿಷ್ಠ.

ಪ್ರಶ್ನೆ: 256×256 ಚಿತ್ರದಲ್ಲಿ ಕೈ-ಸ್ಕ್ವೇರ್ ಪಿಕ್ಸೆಲ್ ಸಂಖ್ಯೆಯ 1.6 ಪಟ್ಟಿನಲ್ಲೇ ನಿಂತುಬಿಟ್ಟಿದೆ. ಇನ್ನಷ್ಟು ಸುತ್ತು ಓಡಿಸಲೇ?

ಉತ್ತರ: ಬೇಡ. 65,536 ಪಿಕ್ಸೆಲ್‌ಗಳಿಗೆ ಕೈ-ಸ್ಕ್ವೇರ್‌ನ ಸಹಜ ಏರಿಳಿತ ಸುಮಾರು 362 ಮಾತ್ರ, ಇದು ಆಕಸ್ಮಿಕವಲ್ಲ. ಉಳಿಕೆಯ ಚಿತ್ರ (ದತ್ತಾಂಶ ಮತ್ತು ಮಸುಕುಗೊಳಿಸಿದ ಉತ್ತರದ ವ್ಯತ್ಯಾಸ) ನೋಡಿ. ನಕ್ಷತ್ರಗಳ ಸುತ್ತ ಉಂಗುರ ಕಂಡರೆ ಮಸುಕಿನ ಮಾದರಿ ತಪ್ಪು. ಅಂಚಿನಲ್ಲಿ ಪಟ್ಟಿ ಕಂಡರೆ ಮಸುಕನ್ನು ಲೆಕ್ಕಿಸುವ ಎಫ್‌ಎಫ್‌ಟಿ (ವೇಗದ ಫೋರಿಯರ್ ರೂಪಾಂತರ) ಒಂದು ಬದಿಯನ್ನು ಇನ್ನೊಂದಕ್ಕೆ ಸುತ್ತಿಸಿದೆ, ಸೊನ್ನೆ ತುಂಬಿ ಚೌಕಟ್ಟು ಹಿಗ್ಗಿಸಿ. ಎಲ್ಲೆಡೆ ಸಮನಾದ ಚುಕ್ಕೆಗಳಿದ್ದರೆ ನಾಯ್ಸ್ ಅಂದಾಜು ಕಡಿಮೆಯಾಗಿದೆ: ಸಿಗ್ಮಾವನ್ನು (ನಾಯ್ಸ್‌ನ ಆ ಅಂದಾಜು) 1.26 ಪಟ್ಟು ಮಾಡಿದರೆ ಲೆಕ್ಕ ಕೂಡುತ್ತದೆ, ಆದರೆ ಕ್ಯಾಮೆರಾದ ಅಳತೆಯಿಂದ ಅದನ್ನು ಸಮರ್ಥಿಸಿಕೊಳ್ಳಿ. ಸ್ಯಾಚುರೇಟ್ ಆದ (ಬೆಳಕು ಕ್ಯಾಮೆರಾದ ಮಿತಿ ಮೀರಿದ) ಪಿಕ್ಸೆಲ್‌ಗಳ ತೂಕ ಸೊನ್ನೆ ಮಾಡಿ, ಒಟ್ಟು ಸಂಖ್ಯೆಯಿಂದಲೂ ಕಳೆಯಿರಿ.