ಡೇ ಲಿಲಿ ಬೀಜ ಬಿತ್ತಲು ಮಳೆ ನಿಲ್ಲಲಿ

ಪ್ರಶ್ನೆ: ಆನ್‌ಲೈನ್‌ನಲ್ಲಿ ಡೇ ಲಿಲಿ ಬೀಜ ತರಿಸಿದ್ದೆ. ಪ್ಯಾಕೆಟ್ ಮೇಲೆ ಅಚ್ಚ ನೀಲಿ ಹೂವಿನ ಚಿತ್ರ ಇತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೂವಿನ ಚಟ್ಟಿಯಲ್ಲಿ ಬಿತ್ತಿದೆ. ಮೂರ್ನಾಲ್ಕು ಮೊಳಕೆ ಬಂದು ಕೊಳೆತು ಹೋದವು. ಉಳಿದದ್ದು ಏಳಲೇ ಇಲ್ಲ. ಈ ಗಿಡ ನಮ್ಮ ಕಡೆಗೆ ಆಗುವುದಿಲ್ಲವೇ?
– ಓದುಗರು, ಸುರತ್ಕಲ್

ಉತ್ತರ: ಖಂಡಿತ ಆಗುತ್ತದೆ. ಬೀಜದಿಂದಲೂ ಆಗುತ್ತದೆ. ನೀವು ಬಿತ್ತಿದ ಸಮಯ ಮಾತ್ರ ಸರಿ ಇರಲಿಲ್ಲ.

ಮೊದಲು ಆ ನೀಲಿ ಹೂವಿನ ವಿಷಯ ಮುಗಿಸೋಣ. ಅಚ್ಚ ನೀಲಿ ಬಣ್ಣದ ಡೇ ಲಿಲಿ ಇವತ್ತಿನವರೆಗೂ ಯಾರ ಕೈಯಲ್ಲೂ ಹುಟ್ಟಿಲ್ಲ. ಹೂವಿನ ನಡುವೆ ನೀಲಿ ಛಾಯೆಯ ಕಣ್ಣು ಇರುವ ತಳಿಗಳಿವೆ, ನೇರಳೆ ಹೂಗಳಿವೆ, ಅಷ್ಟೆ. ನೀಲಿ ಹೂವಿನ ಚಿತ್ರ ಹಾಕಿ ಬೀಜ ಮಾರುವವರಿಂದ ಏನನ್ನೂ ಕೊಳ್ಳಬೇಡಿ. ಒಳ್ಳೆಯ ಡೇ ಲಿಲಿ ಬೀಜ ಕಪ್ಪಗೆ ಹೊಳೆಯುತ್ತದೆ, ಬೆರಳಲ್ಲಿ ಒತ್ತಿದರೆ ಗಟ್ಟಿ ಇರುತ್ತದೆ. ಮೆತ್ತಗಿದ್ದರೆ ಅದು ಕೆಟ್ಟ ಬೀಜ.

ಇನ್ನೊಂದು ಮಾತು. ಹೆಸರಿರುವ ತಳಿಯ ಬೀಜ ಬಿತ್ತಿದರೂ ಅದೇ ಹೂ ಬರುವುದಿಲ್ಲ. ಶಂಕರಪುರದ ಮಲ್ಲಿಗೆ ಬೆಳೆಯುವವರು ಬಳ್ಳಿಯ ತುಂಡು ನೆಟ್ಟೇ ಹೊಸ ಗಿಡ ಮಾಡುತ್ತಾರಲ್ಲ, ಹಾಗೆ ಡೇ ಲಿಲಿಯಲ್ಲೂ ಅದೇ ಹೂ ಬೇಕಿದ್ದರೆ ಬುಡ ಒಡೆದು ನೆಡಬೇಕು. ಬೀಜದಿಂದ ಬಂದ ಒಂದೊಂದು ಗಿಡವೂ ಬೇರೆ. ಒಂದೇ ಕಾಯಿಯ ಹತ್ತು ಬೀಜ ಬಿತ್ತಿದರೆ ಹತ್ತು ಥರದ ಹೂ ಬರಬಹುದು. ನೀವು ನೆಟ್ಟ ಗಿಡದ ಹೂವನ್ನು ನಿಮಗಿಂತ ಮೊದಲು ಲೋಕದಲ್ಲಿ ಯಾರೂ ನೋಡಿರುವುದಿಲ್ಲ. ಈ ಹವ್ಯಾಸದ ಖುಷಿ ಇರುವುದೇ ಅಲ್ಲಿ.

ಈಗ ಮಳೆಗೆ ಬರೋಣ. ಡೇ ಲಿಲಿಯ ಮೂಲ ಚೀನಾ, ಜಪಾನ್, ಕೊರಿಯಾ ಕಡೆ. ಅದಕ್ಕೆ ನೀರು ಇಷ್ಟ, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬಿಸಿಲಿಲ್ಲ, ಗಾಳಿಯಲ್ಲಿ ತೇವ, ಮಣ್ಣು ಒಣಗುವುದೇ ಇಲ್ಲ. ಎರಡೆಲೆಯ ಸಸಿಗೆ ಇಂಥ ಕಾಲದಲ್ಲಿ ಶಿಲೀಂಧ್ರ ಹಿಡಿದು ಬುಡ ಕೊಳೆಯುತ್ತದೆ. ನಿಮ್ಮ ಮೊಳಕೆಗೆ ಆದದ್ದೂ ಇದೇ ಇರಬೇಕು.

ಹಾಗಾಗಿ ದೀಪಾವಳಿ ಆಸುಪಾಸಿನಲ್ಲಿ, ಮಳೆ ಪೂರ್ತಿ ಬಿಟ್ಟ ಮೇಲೆ ಬಿತ್ತಿ. ಮುಂದಿನ ಜೂನ್‌ಗೆ ಏಳು ತಿಂಗಳು ಸಿಗುತ್ತದೆ. ಅಷ್ಟರಲ್ಲಿ ಸಸಿ ದಪ್ಪ ಬೇರು ಬಿಟ್ಟು ಗಟ್ಟಿಯಾಗಿರುತ್ತದೆ.

ಬಿತ್ತುವ ಮೊದಲು ಬೀಜಕ್ಕೆ ಸ್ವಲ್ಪ ಚಳಿ ತೋರಿಸಬೇಕು. ಚಳಿ ದೇಶದಲ್ಲಿ ಆ ಕೆಲಸವನ್ನು ಚಳಿಗಾಲವೇ ಮಾಡುತ್ತದೆ. ನಮಗೆ ಫ್ರಿಜ್ ಇದೆಯಲ್ಲ. ಟಿಶ್ಯೂ ಪೇಪರ್ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಬೀಜವನ್ನು ಅದರೊಳಗೆ ಮಡಚಿ ಜಿಪ್ ಕವರ್‌ಗೆ ಹಾಕಿ. ತರಕಾರಿ ಇಡುವ ಟ್ರೇಯಲ್ಲಿ ಮೂರು-ನಾಲ್ಕು ವಾರ ಇಡಿ. ಫ್ರೀಜರ್‌ನಲ್ಲಿ ಖಂಡಿತ ಬೇಡ, ಒದ್ದೆ ಬೀಜ ಸತ್ತೇ ಹೋಗುತ್ತದೆ. ಕೆಲವು ತಳಿಗಳ ಬೀಜ ಈ ಚಳಿ ಇಲ್ಲದೆಯೂ ಹುಟ್ಟುತ್ತದೆ. ಆದರೂ ಫ್ರಿಜ್‌ನಲ್ಲಿಟ್ಟರೆ ಹೆಚ್ಚುಕಡಿಮೆ ಒಟ್ಟಿಗೆ ಏಳುತ್ತವೆ, ನೋಡಿಕೊಳ್ಳಲು ಸುಲಭ.

ಮಣ್ಣಿಗೆ ತೆಂಗಿನ ನಾರಿನ ಪುಡಿ, ಹೊಯ್ಗೆ, ಸುಡುಮಣ್ಣು ಸಮಸಮ ಸೇರಿಸಿ. ಹೊಳೆಯ ಹೊಯ್ಗೆ ಆಗಬೇಕು. ಕಡಲ ಬದಿಯದ್ದು ಬೇಡ, ಉಪ್ಪಿರುತ್ತದೆ. ಅಡಿಗೆ ತೂತು ಮಾಡಿದ ಕಾಗದದ ಕಪ್ ಸಾಕು. ಬೀಜದ ಮೇಲೆ ಒಂದು ಸೆಂಟಿಮೀಟರ್ ಮಣ್ಣು ಬರಲಿ. ಎರಡು-ಮೂರು ವಾರದಲ್ಲಿ ಹುಲ್ಲಿನ ಎಸಳಿನಂಥ ಮೊಳಕೆ ಕಾಣುತ್ತದೆ. ಕೆಲವು ಒಂದೂವರೆ ತಿಂಗಳು ತೆಗೆದುಕೊಳ್ಳುತ್ತವೆ. ಬರಲಿಲ್ಲ ಅಂತ ಬೇಗ ಎಸೆಯಬೇಡಿ. ಬಸವನಹುಳು ಬಂದರೆ ಒಂದೇ ರಾತ್ರಿಯಲ್ಲಿ ಎಲ್ಲ ಮುಗಿಸಿಬಿಡುತ್ತದೆ. ಅದಕ್ಕೇ ಟ್ರೇಯನ್ನು ನೆಲದಲ್ಲಿಡದೆ ಎತ್ತರದಲ್ಲಿಡಿ.

ಮೂರ್ನಾಲ್ಕು ಎಲೆ ಬಂದ ಮೇಲೆ ಚಟ್ಟಿಗೆ ಬದಲಿಸಿ, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಕೊಡಿ. ಎಲೆಯೂ ಬೇರೂ ಕೂಡುವ ಜಾಗ ಮಣ್ಣಿನಿಂದ ಎರಡು ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಬಾರದು. ಬೆಳಗಿನ ಬಿಸಿಲು ಪೂರ್ತಿ ಬೀಳಲಿ. ಮಾರ್ಚ್-ಏಪ್ರಿಲ್‌ನಲ್ಲಿ ಮಧ್ಯಾಹ್ನ ನೆರಳಿದ್ದರೆ ಒಳ್ಳೆಯದು. ಮೊದಲ ಮಳೆಗಾಲದಲ್ಲಿ ಚಟ್ಟಿಗಳನ್ನು ಮಾಡಿನ ಅಡಿಗೆ, ಬೆಳಕು ಬೀಳುವ ಕಡೆ ಇಡಿ. ಎರಡನೇ ವರ್ಷದಿಂದ ಅಂಗಳದಲ್ಲಿ ದಿಬ್ಬ ಮಾಡಿ ನೆಡಬಹುದು.

ತಳಿ ಆರಿಸುವಾಗ ಒಂದು ಎಚ್ಚರ ಬೇಕು. ಡೇ ಲಿಲಿಯಲ್ಲಿ ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗುವ ತಳಿಗಳಿವೆ, ವರ್ಷವಿಡೀ ಹಸಿರಾಗಿರುವವೂ ಇವೆ, ಎರಡರ ನಡುವಿನವೂ ಇವೆ. ಎಲೆ ಒಣಗುವ ಹಲವು ತಳಿಗಳಿಗೆ ನಿಜವಾದ ಚಳಿ ಬೇಕು. ಅವು ಇಲ್ಲಿ ವರ್ಷ ವರ್ಷ ಸೊರಗುತ್ತವೆ. ಸದಾ ಹಸಿರಿನ ಗಿಡಗಳ ಬೀಜವನ್ನೇ ಕೇಳಿ ತೆಗೆದುಕೊಳ್ಳಿ. ಬೆಚ್ಚಗಿನ ಊರಲ್ಲಿ ಇಂಥವು ಒಂದರಿಂದ ಎರಡು ವರ್ಷದೊಳಗೆ ಹೂ ಬಿಡುತ್ತವೆ. ಮೊದಲ ಹೂ ನೋಡಿ ಬೇಸರ ಮಾಡಿಕೊಳ್ಳಬೇಡಿ. ಗಿಡದ ನಿಜವಾದ ಬಣ್ಣ, ಗಾತ್ರ ಗೊತ್ತಾಗುವುದು ಮುಂದಿನ ವರ್ಷ.

ಪ್ರಶ್ನೆ: ನಮ್ಮಲ್ಲಿ ಅಜ್ಜಿಯ ಕಾಲದಿಂದ ಕೇಸರಿ ಬಣ್ಣದ ಡೇ ಲಿಲಿ ಇದೆ. ಪ್ರತಿ ವರ್ಷ ಹೂ ಬಿಡುತ್ತದೆ, ಆದರೆ ಒಂದು ಕಾಯಿಯೂ ಕಟ್ಟಿಲ್ಲ. ದುಂಬಿ ಬರುವುದಿಲ್ಲವೇನೋ? ನಾನೇ ಪರಾಗ ಮುಟ್ಟಿಸಿದರೆ ಆಗುತ್ತದೆಯೇ?
– ಓದುಗರು, ಕಡಿಯಾಳಿ, ಉಡುಪಿ

ಉತ್ತರ: ದುಂಬಿಯ ತಪ್ಪು ಇರಲಿಕ್ಕಿಲ್ಲ. ಹಳೆಯ ಮನೆಗಳಲ್ಲಿ ಕಾಣುವ ಕೇಸರಿ ಡೇ ಲಿಲಿಯಲ್ಲಿ ಹೆಚ್ಚಿನವು ಬೀಜ ಕಟ್ಟದ ಜಾತಿ. ಸಾಮಾನ್ಯ ಡೇ ಲಿಲಿಯ ಜೀವಕೋಶದಲ್ಲಿ 22 ವರ್ಣತಂತುಗಳಿರುತ್ತವೆ (ಕ್ರೋಮೋಸೋಮ್, ಗಿಡದ ಗುಣಗಳನ್ನು ಹೊರುವ ಎಳೆಗಳು). ಇದರಲ್ಲಿ 33. ಮೂರು ಸೆಟ್ ಆಗಿ ಬಂದದ್ದನ್ನು ಸಮನಾಗಿ ಎರಡು ಪಾಲು ಮಾಡಲು ಗಿಡಕ್ಕೆ ಆಗುವುದಿಲ್ಲ, ಹಾಗಾಗಿ ಕಾಯಿ ನಿಲ್ಲುವುದಿಲ್ಲ. ನ್ಯೂಯಾರ್ಕ್ ಸಸ್ಯೋದ್ಯಾನದ ವಿಜ್ಞಾನಿ ಎ.ಬಿ. ಸ್ಟೌಟ್ ಈ ಗಿಡದ ಬಂಜೆತನದ ಬೆನ್ನು ಹತ್ತಿಯೇ ಡೇ ಲಿಲಿ ತಳಿ ಬೆಳೆಸುವ ಕೆಲಸಕ್ಕೆ ದೊಡ್ಡ ದಾರಿ ಮಾಡಿಕೊಟ್ಟರು. ನೀವು ಅಜ್ಜಿಯ ಗಿಡವನ್ನು ಬುಡ ಒಡೆದು ಹಂಚಿ. ಬೀಜ ಮಾಡಲು ಬೇರೆ ಎರಡು ಗಿಡ ತನ್ನಿ.

ತರುವಾಗ ಎರಡೂ ಒಂದೇ ಗುಂಪಿನವು ಆಗಿರಬೇಕು. 22 ವರ್ಣತಂತುವಿನದ್ದಕ್ಕೆ ಡಿಪ್ಲಾಯ್ಡ್, 44ರದ್ದಕ್ಕೆ ಟೆಟ್ರಾಪ್ಲಾಯ್ಡ್ ಅನ್ನುತ್ತಾರೆ. ಒಂದಕ್ಕೊಂದು ಕೂಡಿಸಿದರೆ ಸಾಮಾನ್ಯವಾಗಿ ಕಾಯಿ ನಿಲ್ಲುವುದಿಲ್ಲ. ತುಂಬಾ ಜನ ಬೆಳೆಯುವ ಹಳದಿಯ ‘ಸ್ಟೆಲ್ಲಾ ಡಿ ಓರೋ’ ಡಿಪ್ಲಾಯ್ಡ್. ಅದು 1975ರಲ್ಲಿ ನೋಂದಣಿಯಾದ ತಳಿ.

ಪರಾಗ ಮುಟ್ಟಿಸುವುದು ಸುಲಭ. ಹೂವಿಗೆ ಒಂದೇ ದಿನದ ಆಯುಸ್ಸು, ಹಾಗಾಗಿ ಬೆಳಿಗ್ಗೆಯೇ ಮಾಡಿ. ಬಿಸಿಲು ಏರಿ 32 ಡಿಗ್ರಿ ದಾಟಿದರೆ ಕಾಯಿ ನಿಲ್ಲುವುದು ಕಷ್ಟ. ಹೂವಿನಲ್ಲಿ ಆರು ಕೇಸರ, ಅವುಗಳಿಗಿಂತ ಉದ್ದಕ್ಕೆ ಚಾಚಿದ ಒಂದು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ, ಇರುತ್ತದೆ. ಒಂದು ಗಿಡದ ಕೇಸರ ಚಿವುಟಿ, ಇನ್ನೊಂದು ಗಿಡದ ಶಲಾಕೆಯ ತುದಿಗೆ ಅದರ ಪುಡಿ ಮೆತ್ತಿ. ಮಳೆ ಹನಿ ಬಿದ್ದ ಪರಾಗ ಪ್ರಯೋಜನವಿಲ್ಲ. ತೊಟ್ಟಿಗೆ ಚೀಟಿ ಕಟ್ಟಿ. ಕಾಯಿ ಕಟ್ಟುವ ಗಿಡದ ಹೆಸರು ಮೊದಲು, ಪರಾಗ ಕೊಟ್ಟದ್ದು ಆಮೇಲೆ ಬರೆಯುವುದು ಎಲ್ಲ ಕಡೆ ಇರುವ ರೂಢಿ. ಸುಮಾರು 40ರಿಂದ 60 ದಿನದಲ್ಲಿ ಕಾಯಿ ಕಂದಾಗಿ ತುದಿ ಬಿರಿಯುತ್ತದೆ. ಆಗ ತಕ್ಷಣ ಬಿಡಿಸಿ, ಬೀಜವನ್ನು ಎರಡು-ಮೂರು ದಿನ ನೆರಳಲ್ಲಿ ಆರಿಸಿ, ಕವರ್‌ಗೆ ಹಾಕಿ ದೀಪಾವಳಿ ಹತ್ತಿರ ಬರುವವರೆಗೆ ಫ್ರಿಜ್‌ನಲ್ಲಿ ಒಣಗಿಯೇ ಇಡಿ. ಬಿತ್ತಲು ಒಂದು ತಿಂಗಳಿರುವಾಗ ಒದ್ದೆ ಟಿಶ್ಯೂಗೆ ಬದಲಿಸಿ.

ಪ್ರಶ್ನೆ: ಮನೆಯಲ್ಲಿ ಬೆಕ್ಕಿದೆ. ಡೇ ಲಿಲಿ ಇಡಬಹುದೇ?
– ಓದುಗರು, ಮಣ್ಣಗುಡ್ಡೆ, ಮಂಗಳೂರು

ಉತ್ತರ: ಬೇಡ. ಇದು ನಿಜವಾದ ಲಿಲಿಯ ಕುಟುಂಬದ್ದಲ್ಲ, ಆದರೂ ಬೆಕ್ಕಿಗೆ ಅದರಷ್ಟೇ ಅಪಾಯ. ಎಲೆ, ಹೂ, ಪರಾಗ ಯಾವುದು ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಡುತ್ತದೆ. ಮೈಗೆ ಅಂಟಿದ ಪರಾಗ ನೆಕ್ಕಿಕೊಂಡರೂ ಸಾಕು. ಬೆಕ್ಕು ಕಚ್ಚಿದ್ದು ಕಂಡರೆ, ವಾಂತಿ ಶುರುವಾಗಲಿ ಅಂತ ಕಾಯದೆ ಆಗಲೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ.