ಪೆನ್ ಡ್ರೈವ್ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತದೆ, ಡೆಸ್ಕ್‌ಟಾಪ್‌ನಲ್ಲಿ ಕಾಣುವುದೇ ಇಲ್ಲ. ಫಾರ್ಮ್ಯಾಟ್ ಮಾಡಬೇಕಾ?

ಬೇಡ್ರೀ. ಫಾರ್ಮ್ಯಾಟ್, ಅಂದರೆ ಒಳಗಿನದೆಲ್ಲ ಅಳಿಸುವ ಮಾತು ಸದ್ಯಕ್ಕೆ ಬಿಟ್ಟುಬಿಡಿ.

ನೀವು ಬರೆದದ್ದು ಇಷ್ಟು: ಯಾದಗಿರಿಯಲ್ಲಿ ಮನೆ, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ವಿಂಡೋಸ್ 10. ಮುಂದಿನ ಪೋರ್ಟ್‌ಗೆ ಪೆನ್ ಡ್ರೈವ್ ಹಾಕಿದರೆ ಲೈಟ್ ಹತ್ತುತ್ತದೆ, ಆದರೆ ದಿಸ್ ಪಿಸಿಯಲ್ಲಿ ಏನೂ ಬರುವುದಿಲ್ಲ. ಅದೇ ಪೆನ್ ಡ್ರೈವ್ ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ತೆರೆಯುತ್ತದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಅಂದರು, ಒಳಗೆ ಮಗಳ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್‌ಗಳಿವೆ.

ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿದೆ ಅಂದ ಮೇಲೆ ಪೆನ್ ಡ್ರೈವ್‌ದು ತಪ್ಪಿಲ್ಲ, ಅಲ್ವಾ? ರೋಗ ಡೆಸ್ಕ್‌ಟಾಪ್‌ಗೆ, ಔಷಧ ಪೆನ್ ಡ್ರೈವ್‌ಗೆ ಯಾಕೆ? ಮೊದಲು ಆ ಸ್ಕ್ಯಾನ್‌ಗಳನ್ನೆಲ್ಲ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಮುಂದಿನ ಕೆಲಸ.

ನಾನು ಕಲಬುರಗಿಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಮದುವೆ ಕಾರ್ಡ್‌ನ ನುಡಿ ಫೈಲ್, ಹಾಲ್ ಟಿಕೆಟ್, ಪಹಣಿ, ಎಲ್ಲಾ ಪೆನ್ ಡ್ರೈವ್‌ನಲ್ಲೇ ಬರುತ್ತದೆ. ಹಾಗಾಗಿ "ಲೈಟ್ ಹತ್ತುತ್ತದೆ, ಕಾಣಲ್ಲ" ಅನ್ನುವುದು ನನಗೆ ದಿನದ ಮಾತು.

ಆ ಲೈಟ್ ನಂಬಬೇಡಿ. ಯುಎಸ್‌ಬಿ 2.0 ಕೇಬಲ್‌ನಲ್ಲಿ ನಾಲ್ಕು ತಂತಿ. ಎರಡು ಕರೆಂಟ್‌ಗೆ, ಎರಡು ಡೇಟಾಗೆ. ಡೇಟಾ ತಂತಿ ಲೂಸ್ ಆಗಿದ್ದರೂ ಕರೆಂಟ್ ಹೋಗುತ್ತಲೇ ಇರುತ್ತದೆ, ಲೈಟ್ ಹತ್ತುತ್ತದೆ, ಕಂಪ್ಯೂಟರ್‌ಗೆ ಮಾತ್ರ ಏನೋ ಬಂದಿದೆ ಅನ್ನುವುದೇ ಗೊತ್ತಾಗುವುದಿಲ್ಲ. "ಅದೇ ಪೋರ್ಟ್‌ನಲ್ಲಿ ಮೌಸ್ ನಡೆಯುತ್ತದಲ್ಲ" ಅಂತ ಬಹಳ ಜನ ವಾದ ಮಾಡುತ್ತಾರೆ. ಮೌಸ್‌ಗೆ ಬೇಕಾಗುವ ವೇಗ ತೀರಾ ಕಡಿಮೆ, ಸಾಮಾನ್ಯ ಮೌಸ್ ಸೆಕೆಂಡಿಗೆ 1.5 ಮೆಗಾಬಿಟ್‌ನಲ್ಲಿ ಮಾತಾಡುತ್ತದೆ, ಯುಎಸ್‌ಬಿ 2.0 ಪೆನ್ ಡ್ರೈವ್ 480 ಮೆಗಾಬಿಟ್‌ನಲ್ಲಿ. ಸವೆದ ಪೋರ್ಟ್, ಲೂಸ್ ಕೇಬಲ್ ಮೌಸ್‌ಗೆ ಸಾಕಾಗುತ್ತದೆ, ಪೆನ್ ಡ್ರೈವ್‌ಗೆ ಸಾಕಾಗುವುದಿಲ್ಲ.

ಅದಕ್ಕೇ ಹಿಂದಿನ ಪೋರ್ಟ್‌ನಲ್ಲಿ ಹಾಕಿ ನೋಡಿ. ಹಿಂದಿನವು ಮದರ್‌ಬೋರ್ಡ್‌ಗೇ, ಅಂದರೆ ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್‌ಗೇ, ಬೆಸುಗೆ ಆಗಿರುತ್ತವೆ. ಮುಂದಿನವು ಕ್ಯಾಬಿನೆಟ್ ಒಳಗೆ ಒಂದು ಕೇಬಲ್ ಮೂಲಕ ಬೋರ್ಡ್‌ನ ಪಿನ್‌ಗಳಿಗೆ ಸಿಕ್ಕಿಸಿರುತ್ತವೆ, ಅದೇ ಕೇಬಲ್ ಸಡಿಲವಾಗುವುದು. ಪರೀಕ್ಷೆ ಮಾಡುವಾಗ ಹಬ್, ಎಕ್ಸ್‌ಟೆನ್ಶನ್ ಏನೂ ನಡುವೆ ಬೇಡ. ಹಿಂದೆ ಹಾಕಿದ ತಕ್ಷಣ ಬಂದರೆ ರೋಗ ಸಿಕ್ಕಿತು. ಇನ್ನು ನಮ್ಮ ಕಡೆ ಧೂಳಿನ ಬಗ್ಗೆ ಹೇಳಬೇಕಾಗಿಲ್ಲ, ಬೇಸಿಗೆಯಲ್ಲಿ ಕಿಟಕಿ ತೆರೆದಿಟ್ಟರೆ ಸಂಜೆಗೆ ಕೀಬೋರ್ಡ್ ಮೇಲೆ ಹೆಸರು ಬರೆಯಬಹುದು. ಪ್ಲಗ್ ಕಿತ್ತು, ಪೋರ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಒಣ ಬ್ರಷ್‌ನಿಂದ ಮೆತ್ತಗೆ ಝಾಡಿಸಿ. ಗುಂಡುಸೂಜಿ, ಪಿನ್ ಹಾಕಿ ಕೆದರಬೇಡಿ.

ಹಿಂದೆಯೂ ಕಾಣಲಿಲ್ಲ ಅಂದರೆ ಕಿವಿಗೊಟ್ಟು ಕೇಳಿ. ಪೆನ್ ಡ್ರೈವ್ ಹಾಕಿದಾಗ ವಿಂಡೋಸ್‌ನ ಆ ಟಿಣ್ ಸದ್ದು ಬರುತ್ತದಾ? ಬಂದರೆ ಕಂಪ್ಯೂಟರ್ ಅದನ್ನು ನೋಡಿದೆ, ನಿಮಗೆ ತೋರಿಸುತ್ತಿಲ್ಲ ಅಷ್ಟೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ದಿಸ್ ಪಿಸಿಯಲ್ಲಿ ಕಾಣದ್ದು ಎಷ್ಟೋ ಸಲ ಇಲ್ಲಿ ಕಾಣುತ್ತದೆ. ಅಂಗಡಿಯವರು ಇದನ್ನು ತೆರೆದಿದ್ದರೆ ಫಾರ್ಮ್ಯಾಟ್ ಅನ್ನುತ್ತಿರಲಿಲ್ಲ. ಕೆಳಗಿನ ಸಾಲಿನಲ್ಲಿ ನಿಮ್ಮ ಪೆನ್ ಡ್ರೈವ್ ಇದ್ದು, ಅದಕ್ಕೆ ಇ, ಎಫ್ ಅಂತ ಅಕ್ಷರ ಇಲ್ಲದಿದ್ದರೆ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್ ಆಂಡ್ ಪಾತ್ಸ್, ಆಮೇಲೆ ಆಡ್ ಒತ್ತಿ ಖಾಲಿ ಇರುವ ಒಂದು ಅಕ್ಷರ ಕೊಡಿ. ಮುಗಿಯಿತು. ಒಳಗಿನ ಫೈಲ್‌ಗೆ ಏನೂ ಆಗುವುದಿಲ್ಲ.  ಆದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಂಡೋಸ್ ಏನೇ ಕೇಳಿದರೂ, ಫಾರ್ಮ್ಯಾಟ್ ಅಂತಲೋ ಇನಿಷಿಯಲೈಸ್ ಅಂತಲೋ, ಒತ್ತಬೇಡಿ. ಸೈಜ್ ಬದಲು ನೋ ಮೀಡಿಯಾ ಅಂತ ಬಂದರೆ ಪೆನ್ ಡ್ರೈವ್ ಒಳಗಿನ ಚಿಪ್ ಕೆಟ್ಟಿರುವುದೇ ಜಾಸ್ತಿ, ನಿಮ್ಮದು ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದರಿಂದ ಆ ಚಿಂತೆ ಇಲ್ಲ.

ನನಗೆ ಜಾಸ್ತಿ ಅನುಮಾನ ಬಂದದ್ದು ನೀವು "ಸೆಕೆಂಡ್ ಹ್ಯಾಂಡ್" ಅಂದದ್ದಕ್ಕೆ. ಇಂಥ ಮಷಿನ್‌ಗಳು ಎಷ್ಟೋ ಸಲ ಯಾವುದೋ ಕಂಪನಿಯ ಆಫೀಸ್‌ನಿಂದ ಬಂದವು. ಅಲ್ಲಿ ಡೇಟಾ ಹೊರಗೆ ಹೋಗಬಾರದು ಅಂತ ಪೆನ್ ಡ್ರೈವ್ ಮಾತ್ರ ಬಂದ್ ಮಾಡಿರುತ್ತಾರೆ, ಕೀಬೋರ್ಡ್, ಮೌಸ್, ಪ್ರಿಂಟರ್ ಎಲ್ಲಾ ನಡೆಯುತ್ತಿರುತ್ತವೆ. ಮಾರುವಾಗ ವಿಂಡೋಸ್ ಹೊಸದಾಗಿ ಹಾಕದಿದ್ದರೆ ಆ ಬೀಗ ಹಾಗೇ ಉಳಿದಿರುತ್ತದೆ. ರಿಜಿಸ್ಟ್ರಿ ಎಡಿಟರ್ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಂ) ತೆರೆದು, ಎಚ್‌ಕೀ ಲೋಕಲ್ ಮಷಿನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವಿಸಸ್, ಈ ದಾರಿಯಲ್ಲಿ ಯುಎಸ್‌ಬಿಸ್ಟೋರ್ (USBSTOR) ತನಕ ಹೋಗಿ. ಬಲಗಡೆ ಸ್ಟಾರ್ಟ್ ಅನ್ನುವುದರ ಬೆಲೆ 4 ಇದ್ದರೆ ಬಂದ್ ಅಂತ ಅರ್ಥ, 3 ಮಾಡಿ ರೀಸ್ಟಾರ್ಟ್ ಮಾಡಿ. ಅಲ್ಲಿ ಬೇರೆ ಏನೂ ಮುಟ್ಟಬೇಡಿ. ಇದು ನಿಮ್ಮ ಸ್ವಂತ ಮಷಿನ್‌ಗೆ ಹೇಳಿದ್ದು. ಈಗ ಕೆಲಸ ಮಾಡುವ ಆಫೀಸ್‌ನ ಕಂಪ್ಯೂಟರ್‌ನಲ್ಲಿ ಮಾಡಿ ಬೈಸಿಕೊಳ್ಳಬೇಡಿ.

ಅದು 3 ಇದ್ದೂ ಬರಲಿಲ್ಲವೇ? ಡಿವೈಸ್ ಮ್ಯಾನೇಜರ್‌ನಲ್ಲಿ, ಅಂದರೆ ಕಂಪ್ಯೂಟರ್‌ನ ಸಾಧನಗಳ ಪಟ್ಟಿಯಲ್ಲಿ, ಹಳದಿ ಗುರುತು ಇದೆಯಾ ನೋಡಿ. ಇದ್ದರೆ ಆ ಸಾಲಿನ ಮೇಲೆ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್ ಡಿವೈಸ್, ಪೆನ್ ಡ್ರೈವ್ ತೆಗೆದು ಪೂರ್ತಿ ಆಫ್. ಇಲ್ಲೊಂದು ತಮಾಷೆ ಇದೆ. ವಿಂಡೋಸ್ 10ರಲ್ಲಿ ಶಟ್ ಡೌನ್ ಅಂದರೆ ಪೂರ್ತಿ ಶಟ್ ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದರೆ ಅರ್ಧ ಹಳೇ ಸ್ಥಿತಿಯನ್ನೇ ಉಳಿಸಿಕೊಂಡು ಮತ್ತೆ ಏಳುತ್ತದೆ. ಶಿಫ್ಟ್ ಒತ್ತಿ ಹಿಡಿದು ಶಟ್ ಡೌನ್ ಕ್ಲಿಕ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಬಟನ್ ಅನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಹೋಗುತ್ತದೆ. ಮತ್ತೆ ಆನ್ ಮಾಡಿ ಹಿಂದಿನ ಪೋರ್ಟ್‌ಗೆ ಹಾಕಿ.

ಕೊನೆಗೆ ಬರೀ ಮುಂದಿನ ಪೋರ್ಟ್ ಕೆಟ್ಟಿದೆ ಅಂತ ಗೊತ್ತಾದರೆ, ಮದರ್‌ಬೋರ್ಡ್ ಬದಲಿಸಿ ಅನ್ನುವವರ ಮಾತು ಕೇಳಬೇಡಿ. ಕ್ಯಾಬಿನೆಟ್ ತೆರೆಸಿ ಆ ಕೇಬಲ್ ಗಟ್ಟಿಯಾಗಿ ಕೂರಿಸಿದರೆ ಎಷ್ಟೋ ಸಲ ಸರಿ ಹೋಗುತ್ತದೆ. ಹೋಗದಿದ್ದರೆ ಒಳ್ಳೆಯದೊಂದು ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್ ತಂದು ಹಿಂದಿನ ಪೋರ್ಟ್‌ನಿಂದ ಮೇಜಿನ ಮೇಲಕ್ಕೆ ಎಳೆದುಕೊಳ್ಳಿ. ನನ್ನ ಅಂಗಡಿಯಲ್ಲಿ ಇರುವುದೂ ಹಾಗೇ.