ಬಾಯಿ ಕ್ಯಾನ್ಸರ್ ಬಗ್ಗೆ ಹೇಳಲು ಕರೆದರೆ ಹೆಂಗಸರು ಬರುತ್ತಿಲ್ಲ (ಚನ್ನಗಿರಿ ಕಡೆ)

ನೀವು ಬಾಯಿ ಕ್ಯಾನ್ಸರ್‌ನಿಂದ ಗುಣವಾಗಿ ಬಂದು ಸಭೆ ಕರೆದರೂ ಯಾರೂ ಬರದಿದ್ದಕ್ಕೆ ಕಾರಣ ಬಹುಶಃ ಮೈಕಿನಲ್ಲಿ ಕೂಗಿಸಿದ್ದು. ಹೋದರೆ 'ಇವಳಿಗೂ ಇದೆ' ಅಂತ ಊರು ಆಡಿಕೊಳ್ಳುತ್ತೆ ಅನ್ನೋ ಭಯ. ನಾನು ಸಭೆ ಕರೆದಾಗಲೂ ಹೀಗೇ ಆಗಿತ್ತು.

ಮೊದಲು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಸೇರಿಸಿಕೊಳ್ಳಿ. ಆಮೇಲೆ ಅಡಿಕೆ ಸುಲಿಯುವ ಜಾಗಕ್ಕೇ ಹೋಗಿ. ಮೆಟ್ಟುಗತ್ತಿ ಮುಂದೆ ಕೂತು ನಾನೂ ನಾಲ್ಕು ಅಡಿಕೆ ಸುಲಿದೆ. ಪಕ್ಕದವರು ಎಲೆ, ತಂಬಾಕು ಚಾಚಿದರು. ಬೇಡ ಅಂದು ಬಾಯಿ ತೆರೆದು ತೋರಿಸಿದೆ, ಒಳಗೆ ಒಂದೇ ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತೆ. ಎಲ್ಲರ ಕೈ ನಿಂತವು. ನಿಮ್ಮೂರಲ್ಲೂ ಹಾಗಾಗುತ್ತೆ ಅಂತ ಹೇಳಲಾರೆ, ಆದರೆ ಭಾಷಣಕ್ಕಿಂತ ಜಾಸ್ತಿ ಮುಟ್ಟುತ್ತೆ.

2-3 ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ: ಈ ಲಕ್ಷಣ ಇದ್ದರೆ ತೋರಿಸಿಕೊಳ್ಳಿ ಅಂತ ಇಷ್ಟು ಹೇಳಿದರೆ ಸಾಕು. 30 ವರ್ಷ ದಾಟಿದವರಿಗೆ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ (ಸರ್ಕಾರಿ ಆರೋಗ್ಯ ಕೇಂದ್ರ) ಬಾಯಿ ತಪಾಸಣೆ ಉಚಿತ. ತಪಾಸಣೆ ಯಾವ ದಿನ ಅಂತ ಕೇಳಿಕೊಂಡು, ಮೊದಲ ಸಲ ಇಬ್ಬರನ್ನಾದರೂ ನೀವೇ ಕರೆದುಕೊಂಡು ಹೋಗಿ.